ನದಿಯಾಚೆಯ ಶಾಲೆಗೆ ಹೆಸರು ಕೊಟ್ಟವರು

ಬಾಸ್ಟನ್ನಿಗೆ ಬರುವ ಬಂಧುಗಳನ್ನು ಚಾರ್ಲ್ಸ್ ನದಿಯ ದಂಡೆಗೆ ಕರೆದೊಯ್ಯುವುದು ನಮ್ಮ ಮನೆಯ ರೂಢಿ. ಈ ಸಲ ಹುಬ್ಬಳ್ಳಿಯಿಂದ ಬಂದವನು ಅಕ್ಕನ ಮಗ. ಬೆಂಗಳೂರಿನಲ್ಲಿ ಐದು ವರ್ಷ ಎಂಜಿನಿಯರಾಗಿ ದುಡಿದಿದ್ದಾನೆ. ಈಗ ಇಲ್ಲಿ ಎಂಬಿಎ ಓದಬೇಕೆಂಬ ಹಂಬಲ. ಸೇತುವೆಯ ಮೇಲೆ ನಿಂತು ಆಚೆ ದಡದ ಎಂಐಟಿ ಕಟ್ಟಡಗಳನ್ನು ತೋರಿಸುತ್ತಿದ್ದಾಗ, ಅಲ್ಲಿನ ಬಿಸಿನೆಸ್ ಸ್ಕೂಲಿಗೆ ಸ್ಲೋನ್ ಎಂಬ ಹೆಸರೇಕೆ ಬಂತು ಮಾಮಾ ಎಂದು ಕೇಳಿದ. ಪ್ರವೇಶ ಪರೀಕ್ಷೆಯ ಅಂಕ, ಶುಲ್ಕ, ಸಾಲದ ಬಡ್ಡಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದ ಹುಡುಗನಿಗೆ ಹೆಸರಿನ ಒಡೆಯ ಮಾತ್ರ ಗೊತ್ತಿರಲಿಲ್ಲ. ಅವನನ್ನು ನಗುವ ಹಕ್ಕು ನನಗೂ ಇರಲಿಲ್ಲ. ವೈದ್ಯನಾದ ನನಗೆ ಬಹುಕಾಲ ಸ್ಲೋನ್ ಎಂದರೆ ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯ ಫಲಕದ ಮೇಲಿನ ಹೆಸರಷ್ಟೇ ಆಗಿತ್ತು. ಎರಡೂ ಒಬ್ಬರದೇ ಎಂದು ತಿಳಿದ ಮೇಲೆ ಅವರ ಬಾಳನ್ನು ಓದತೊಡಗಿದೆ.

ಆಲ್‌ಫ್ರೆಡ್ ಸ್ಲೋನ್ ಹುಟ್ಟಿದ್ದು 1875ರ ಮೇ 23ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆ ಚಹಾ, ಕಾಫಿಯ ವರ್ತಕರು. ಕುಟುಂಬ ಬ್ರೂಕ್ಲಿನ್‌ಗೆ ಬಂದು ನೆಲೆಸಿದ ಮೇಲೆ ಹುಡುಗನ ಓದು ಅಲ್ಲಿ ಸಾಗಿತು. ಬಳಿಕ ಎಂಐಟಿ ಸೇರಿ, ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಮೂರೇ ವರ್ಷಗಳಲ್ಲಿ, 1895ರಲ್ಲಿ, ಮುಗಿಸಿದರು. ಆಗ ಆ ಸಂಸ್ಥೆ ನದಿಯ ಈಚೆ ಬಾಸ್ಟನ್ ನಗರದಲ್ಲಿಯೇ ಇತ್ತು. ಆಚೆಯ ಕೇಂಬ್ರಿಜ್‌ಗೆ ಹೋದದ್ದು 1916ರಲ್ಲಿ.

ಮೊದಲ ಕೆಲಸ ನ್ಯೂ ಜರ್ಸಿಯ ಹಯಟ್ ರೋಲರ್ ಬೇರಿಂಗ್ ಕಂಪನಿಯಲ್ಲಿ ನಕ್ಷೆ ಬರೆಯುವುದು. ಸಂಬಳ ತಿಂಗಳಿಗೆ 50 ಡಾಲರ್. ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. ತಂದೆಯೂ ಇನ್ನೊಬ್ಬರೂ ಸೇರಿ 5,000 ಡಾಲರ್ ಹಾಕಿ, ಆರು ತಿಂಗಳ ಗಡುವಿನ ಮೇಲೆ ಮಗನ ಕೈಗೆ ಆಡಳಿತ ಕೊಡಿಸಿದರು. ಆರು ತಿಂಗಳ ಕೊನೆಗೆ 12,000 ಡಾಲರ್ ಲಾಭ ಬಂದಿತ್ತು. ಸ್ವಂತ ಶ್ರಮದ ಕಥೆಗಳಲ್ಲಿ ಅಪ್ಪ ಹಾಕಿದ ಬಂಡವಾಳದ ಸಾಲು ಸಾಮಾನ್ಯವಾಗಿ ಮರೆಯಾಗುತ್ತದೆ. ಸ್ಲೋನ್ ಅದನ್ನು ಮುಚ್ಚಿಡಲಿಲ್ಲ ಎಂಬುದು ನನಗೆ ಹಿಡಿಸಿತು. 1898ರಲ್ಲಿ ಐರೀನ್ ಜಾಕ್ಸನ್ ಅವರೊಡನೆ ಮದುವೆಯಾಯಿತು. ಮಕ್ಕಳಾಗಲಿಲ್ಲ.

ಮೋಟಾರು ವಾಹನಗಳ ಕಾಲ ಆರಂಭವಾಗಿತ್ತು. ಬೇರಿಂಗ್‌ಗಳಿಗೆ ಬೇಡಿಕೆ ಏರಿತು. 1916ರಲ್ಲಿ ವಿಲಿಯಂ ಡ್ಯುರಂಟ್ ಎಂಬ ಸಾಹಸಿ ಉದ್ಯಮಿ 1.35 ಕೋಟಿ ಡಾಲರಿಗೆ ಹಯಟ್ ಕಂಪನಿಯನ್ನು ಕೊಂಡರು. ಎರಡು ವರ್ಷಗಳಲ್ಲಿ ಸ್ಲೋನ್ ಜನರಲ್ ಮೋಟಾರ್ಸ್‌ನ ಉಪಾಧ್ಯಕ್ಷರಾದರು. ಡ್ಯುರಂಟ್ ಕಂಪನಿಗಳನ್ನು ಕೊಳ್ಳುವುದರಲ್ಲಿ ನಿಸ್ಸೀಮರು, ಕೊಂಡದ್ದನ್ನು ಹಿಡಿತದಲ್ಲಿಡುವುದರಲ್ಲಿ ಅಲ್ಲ. ಷೆವ್ರೊಲೆ, ಬ್ಯೂಕ್, ಕ್ಯಾಡಿಲಾಕ್ ವಿಭಾಗಗಳು ಒಂದೇ ಮನೆಯ ಬೇರೆ ಬೇರೆ ಒಲೆಗಳಂತೆ ತಮ್ಮ ಪಾಡಿಗೆ ತಾವು ಖರೀದಿ ಮಾಡುತ್ತಿದ್ದವು. ವಿಭಾಗಗಳಿಗೆ ದಿನನಿತ್ಯದ ಸ್ವಾತಂತ್ರ್ಯ, ಹಣಕಾಸು ಮತ್ತು ಧೋರಣೆಯ ಮೇಲೆ ಕೇಂದ್ರದ ಕಣ್ಣು ಎಂಬ ಯೋಜನೆಯನ್ನು ಸ್ಲೋನ್ ಬರೆದುಕೊಟ್ಟರು. ಡ್ಯುರಂಟ್ ಮೆಚ್ಚಿಕೊಂಡರು, ಜಾರಿಗೆ ತರಲಿಲ್ಲ. 1920ರ ಕುಸಿತದಲ್ಲಿ ಡ್ಯುರಂಟ್ ನಿರ್ಗಮಿಸಿದರು. ಮುಂದೆ ಬಂದ ಪಿಯರ್ ಡ್ಯುಪಾಂಟ್ ಅದನ್ನೇ ಕಂಪನಿಯ ಸಂವಿಧಾನ ಮಾಡಿಕೊಂಡರು. 1923ರಲ್ಲಿ ಸ್ಲೋನ್ ಅಧ್ಯಕ್ಷರಾದರು.

ಮುಂದಿನ ವರ್ಷದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಾರ್ಖಾನೆಯ ಅಂದಾಜುಗಳ ಪ್ರಕಾರ ಎಲ್ಲವೂ ಸರಿಯಿತ್ತು. ಆದರೆ ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ಲಾಸ್ ಏಂಜಲೀಸ್ ಡೀಲರುಗಳ ಬಯಲಿಗೆ ತಾವೇ ಹೋಗಿ ನೋಡಿದಾಗ, ಮಾರಾಟವಾಗದ ಕಾರುಗಳು ಸಾಲು ಸಾಲಾಗಿ ನಿಂತಿದ್ದವು. ಉತ್ಪಾದನೆಯನ್ನು ಕೂಡಲೇ ಕಡಿತಗೊಳಿಸಲು ಆದೇಶವಾಯಿತು. ಪ್ರತಿ ಹತ್ತು ದಿನಕ್ಕೊಮ್ಮೆ ಡೀಲರುಗಳಿಂದ ಬರುವ ಮಾರಾಟದ ವರದಿ ಉತ್ಪಾದನೆಯ ಅಳತೆಗೋಲಾಯಿತು. ಅಂಕಿಸಂಖ್ಯೆಗಳ ಮನುಷ್ಯನೆಂದು ಹೆಸರಾದವರು ತಮ್ಮ ಅಂಕಿಗಳನ್ನು ನಂಬದೆ ಕಣ್ಣಾರೆ ನೋಡಲು ಹೋಗಿದ್ದರು. ಪ್ರಯೋಗಾಲಯದ ವರದಿ ಸರಿಯಿದೆಯೆಂದು ರೋಗಿಯ ಹೊಟ್ಟೆ ಮುಟ್ಟದೆ ಕಳುಹಿಸುವ ವೈದ್ಯರಿಗೆ ನಾನು ಈ ಕಥೆಯನ್ನು ಹೇಳುವುದುಂಟು.

ಹೆನ್ರಿ ಫೋರ್ಡ್ ಒಂದೇ ಮಾದರಿಯ ಅಗ್ಗದ ಕಾರನ್ನು ನಂಬಿದ್ದರು. ಸ್ಲೋನ್ ಪ್ರತಿಯೊಬ್ಬರ ಜೇಬಿಗೂ ಒಂದೊಂದು ಕಾರು ಹೊಂದಿಸಿದರು, ಕಂತಿನ ಸಾಲ ಕೊಟ್ಟರು, ಪ್ರತಿ ವರ್ಷ ಹೊಸ ರೂಪ ತಂದರು. 1927ರಲ್ಲಿ ಫೋರ್ಡ್ ತಮ್ಮ ಮಾಡೆಲ್ ಟಿ ನಿಲ್ಲಿಸಬೇಕಾಯಿತು. 1936ರ ಕೊನೆಯಲ್ಲಿ ಫ್ಲಿಂಟ್ ನಗರದ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು 44 ದಿನ ಮುಷ್ಕರ ಹೂಡಿದರು; ಕಂಪನಿ ಅವರ ಸಂಘವನ್ನು ಮಾನ್ಯ ಮಾಡಬೇಕಾಯಿತು. ಸ್ಲೋನ್‌ಗೆ ಅದು ನುಂಗಲಾರದ ತುತ್ತಾಗಿತ್ತು.

ಇನ್ನೊಂದು ಅಧ್ಯಾಯವಿದೆ. ಮಕ್ಕಳ ವೈದ್ಯನಾಗಿ ನಾನು ಅದನ್ನು ದಾಟಿಹೋಗಲಾರೆ. ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು ಜನರಲ್ ಮೋಟಾರ್ಸ್‌ನ ಸಂಶೋಧಕರು 1921ರಲ್ಲಿ ಕಂಡುಕೊಂಡರು. ಸಂಶೋಧನೆಯ ಮುಖ್ಯಸ್ಥರು ಚಾರ್ಲ್ಸ್ ಕೆಟರಿಂಗ್. ಸ್ಲೋನ್ ಅಧ್ಯಕ್ಷರಾಗಿದ್ದ 1924ರಲ್ಲಿ, ಸ್ಟ್ಯಾಂಡರ್ಡ್ ಆಯಿಲ್ ಜೊತೆಗೂಡಿ ಅದನ್ನು ಮಾರಲು ಎಥಿಲ್ ಎಂಬ ಕಂಪನಿ ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ನ್ಯೂ ಜರ್ಸಿಯ ತಯಾರಿಕಾ ಘಟಕವೊಂದರಲ್ಲಿ ಐವರು ಕಾರ್ಮಿಕರು ಸೀಸದ ವಿಷದಿಂದ, ಬುದ್ಧಿ ಭ್ರಮಣೆಯಾಗಿ ಸತ್ತರು. 1925ರ ಮೇ ತಿಂಗಳಲ್ಲಿ ಸರ್ಕಾರ ಸಭೆ ಕರೆದಾಗ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಆಲಿಸ್ ಹ್ಯಾಮಿಲ್ಟನ್ ಸೀಸದ ಬಳಕೆಯನ್ನು ಎದುರಿಸಿ ನಿಂತರು. ಕೆಲ ತಿಂಗಳು ಮಾರಾಟ ನಿಂತಿತು, ಸಮಿತಿಯೊಂದು ನಿಷೇಧಕ್ಕೆ ಕಾರಣವಿಲ್ಲವೆಂದಿತು, ಮತ್ತೆ ಆರಂಭವಾಯಿತು. ಅಮೆರಿಕದ ರಸ್ತೆಗಳಿಂದ ಸೀಸದ ಪೆಟ್ರೋಲು ಪೂರ್ತಿ ತೊಲಗಿದ್ದು 1996ರಲ್ಲಿ, ಭಾರತದಲ್ಲಿ 2000ದಲ್ಲಿ.

ನಮ್ಮ ರಾಜ್ಯದ ಕಾನೂನಿನಂತೆ ಒಂದು ವರ್ಷ ತುಂಬುವ ಮೊದಲೂ, ಎರಡು ಮತ್ತು ಮೂರನೆಯ ವಯಸ್ಸಿನಲ್ಲಿಯೂ ಪ್ರತಿ ಮಗುವಿನ ರಕ್ತದಲ್ಲಿ ಸೀಸ ಪರೀಕ್ಷಿಸಬೇಕು. ಅಳುವ ಮಗುವಿನ ಪುಟ್ಟ ಬೆರಳನ್ನು ಚುಚ್ಚುವುದು ನಮ್ಮ ಚಿಕಿತ್ಸಾಲಯದ ದಿನಚರಿ. ಇಂದು ಹೆಚ್ಚಿನ ಸೀಸ ಹಳೆಯ ಮನೆಗಳ ಬಣ್ಣದಿಂದ ಬರುತ್ತದೆ; ರಸ್ತೆ ಬದಿಯ ಮಣ್ಣಿನಲ್ಲಿ ಹಳೆಯ ಹೊಗೆಯ ಪಾಲೂ ಉಳಿದಿದೆ. ಮಗುವಿನ ಮಿದುಳಿಗೆ ಇಷ್ಟು ಸೀಸ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ. ಮಾರಾಟವಾಗದ ಕಾರುಗಳನ್ನು ನೋಡಲು ದೇಶದ ಆ ತುದಿಯವರೆಗೆ ಹೋದವರು, ಅದೇ ವರ್ಷ ಸತ್ತ ಆ ಐವರ ಕಡೆಗೂ ಅದೇ ಕಣ್ಣಿನಿಂದ ನೋಡಿದ್ದರೆ ಎಂದು ನನಗೆ ಅನ್ನಿಸುತ್ತದೆ. ಹತ್ತು ದಿನದ ವರದಿಯಲ್ಲಿ ಮಕ್ಕಳ ರಕ್ತಕ್ಕೆ ಅಂಕಣವಿರಲಿಲ್ಲ.

ಆದರೆ ಇದೇ ಸ್ಲೋನ್, ಇದೇ ಕೆಟರಿಂಗ್ ಅವರ ಹೆಸರಿನಲ್ಲಿ, 1945ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎದ್ದಿತು. ಸ್ಲೋನ್ 1934ರಲ್ಲಿ ಸ್ಥಾಪಿಸಿದ್ದ ದತ್ತಿಸಂಸ್ಥೆ ಅದಕ್ಕೆ 40 ಲಕ್ಷ ಡಾಲರ್ ಕೊಟ್ಟಿತು. ಅಲ್ಲಿಂದ ಹೊರಟ ಚಿಕಿತ್ಸೆಗಳ ಫಲವನ್ನು ನನ್ನ ರೋಗಿಗಳೂ ಪಡೆದಿದ್ದಾರೆ.

ಕೊನೆಗೆ ಶಾಲೆಯ ಮಾತು. ಎಂಐಟಿಯಲ್ಲಿ 1914ರಿಂದಲೇ ಎಂಜಿನಿಯರುಗಳಿಗೆ ಆಡಳಿತ ಕಲಿಸುವ ಒಂದು ವಿಭಾಗವಿತ್ತು. ಸಂಶೋಧನೆಯೇ ಉಸಿರಾದ ವಿಶ್ವವಿದ್ಯಾಲಯದ ನಡುವೆ ನಿರ್ವಹಣಾ ಶಾಲೆಯೊಂದಿದ್ದರೆ, ಅದು ಬೇರೆಡೆಯ ಶಾಲೆಗಳಿಗಿಂತ ಭಿನ್ನವಾಗಿ ಬೆಳೆದೀತೆಂಬುದು ಸ್ಲೋನ್ ಅವರ ನಂಬಿಕೆ. 1950ರಲ್ಲಿ ಅವರ ದತ್ತಿಸಂಸ್ಥೆ 50 ಲಕ್ಷಕ್ಕೂ ಹೆಚ್ಚು ಡಾಲರ್ ನೀಡಿತು. 1952ರಲ್ಲಿ ನದಿಯ ದಂಡೆಯಲ್ಲಿ, ಹಿಂದೆ ಸಾಬೂನು ಕಂಪನಿಯೊಂದರ ಕಚೇರಿಯಾಗಿದ್ದ ಕಟ್ಟಡದಲ್ಲಿ, ಶಾಲೆ ತೆರೆಯಿತು. ನಂಬಿಕೆ ಹುಸಿಯಾಗಲಿಲ್ಲ. ಕಂಪ್ಯೂಟರ್ ಕಟ್ಟಿದ್ದ ಎಂಜಿನಿಯರ್ ಜೇ ಫಾರೆಸ್ಟರ್ 1956ರಲ್ಲಿ ಶಾಲೆಗೆ ಬಂದು, ಬೇಡಿಕೆ ಮತ್ತು ದಾಸ್ತಾನಿನ ನಡುವಿನ ವಿಳಂಬ ಹೇಗೆ ಕಾರ್ಖಾನೆಗಳನ್ನು ತೂಗಾಡಿಸುತ್ತದೆ ಎಂಬುದನ್ನು ಲೆಕ್ಕದಿಂದ ತೋರಿಸಿದರು. 1924ರಲ್ಲಿ ಸ್ಲೋನ್ ಬಯಲಿನಲ್ಲಿ ಕಂಡದ್ದೇ ಅಲ್ಲಿ ಶಾಸ್ತ್ರವಾಯಿತು. ಹೊಸ ವಿದ್ಯಾರ್ಥಿಗಳಿಗೆ ಇದನ್ನು ಬಿಯರ್ ಸರಬರಾಜಿನ ಒಂದು ಆಟದ ಮೂಲಕ ಕಲಿಸುತ್ತಾರೆ. 1961ರಲ್ಲಿ ಕಲ್ಕತ್ತೆಯ ಐಐಎಂ ಆರಂಭವಾದಾಗ ನೆರವಿಗೆ ನಿಂತದ್ದೂ ಇದೇ ಶಾಲೆ.

1956ರಲ್ಲಿ ಪತ್ನಿ ತೀರಿಕೊಂಡರು. ಅದೇ ವರ್ಷ ಸ್ಲೋನ್ ಜನರಲ್ ಮೋಟಾರ್ಸ್ ಅಧ್ಯಕ್ಷ ಮಂಡಳಿಯ ಹುದ್ದೆಯಿಂದ ನಿವೃತ್ತರಾದರು. 1964ರಲ್ಲಿ ಅವರ ಆತ್ಮಕಥನ ಹೊರಬಂತು. ಕಂಪನಿಯ ವಕೀಲರ ಆತಂಕದಿಂದ ಅದು ವರ್ಷಗಟ್ಟಲೆ ತಡವಾಗಿತ್ತು. ಶಾಲೆಗೆ ಅವರ ಹೆಸರನ್ನಿಟ್ಟದ್ದೂ ಅದೇ ವರ್ಷ. 1966ರ ಫೆಬ್ರವರಿ 17ರಂದು, ತೊಂಬತ್ತರ ವಯಸ್ಸಿನಲ್ಲಿ, ತಮ್ಮ ಹೆಸರು ಹೊತ್ತ ಆ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೇ ಹೃದಯಾಘಾತದಿಂದ ನಿಧನರಾದರು.

ಅಕ್ಕನ ಮಗ ಊರಿಗೆ ಮರಳಿದ್ದಾನೆ. ಅರ್ಜಿಯೊಂದಿಗೆ ಇಡಬೇಕಾದ ಪತ್ರದ ಕರಡನ್ನು ನನಗೆ ಕಳುಹಿಸಿದ್ದಾನೆ. ಡೀಲರುಗಳ ಬಯಲಿನ ಪ್ರಸಂಗ ಅದರಲ್ಲಿ ಚೆನ್ನಾಗಿ ಬಂದಿದೆ. ಸೀಸದ ಮಾತನ್ನೂ ಬರೆಯಲೇ, ಬರೆದರೆ ಪ್ರವೇಶಕ್ಕೆ ಅಡ್ಡಿಯಾದೀತೇ ಎಂದು ಕೆಳಗೆ ಕೇಳಿದ್ದಾನೆ. ಬರೆ ಎಂದು ಹೇಳಿದ್ದೇನೆ. ಅಕ್ಕನಿಗೆ ನನ್ನ ಮೇಲೆ ಸ್ವಲ್ಪ ಮುನಿಸು.