ಕಾಲು ಪಾಲು ಮತ, ಮೂರರಲ್ಲಿ ಎರಡು ಪಾಲು ಸೀಟು: ಮುಸೊಲಿನಿಯ ಕಥೆ

ಸರ್ವಾಧಿಕಾರಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಟ್ಯಾಂಕು, ಬಂದೂಕು, ರಾತ್ರೋರಾತ್ರಿ ನಡೆಯುವ ದಂಗೆ. ಆದರೆ ಇಟಲಿಯ ಬೆನಿಟೊ ಮುಸೊಲಿನಿಯ ಬದುಕನ್ನು ಓದ್ತಾ ಹೋದರೆ ಇನ್ನೊಂದು ಆಯುಧ ಕಣ್ಣಿಗೆ ಬೀಳುತ್ತೆ: ಸಂಸತ್ತೇ ಪಾಸು ಮಾಡಿದ ಒಂದು ಚುನಾವಣಾ ಕಾನೂನು. ಎಂಜಿನಿಯರಿಂಗ್ ಓದುವ ನಮಗೆ ಲೆಕ್ಕ ಹೊಸದೇನಲ್ಲ. ಈ ಸಲ ಆ ಮನುಷ್ಯನ ಜೊತೆಗೆ ಆ ಲೆಕ್ಕವನ್ನೂ ನೋಡೋಣ.

ಮುಸೊಲಿನಿ ಹುಟ್ಟಿದ್ದು 1883ರ ಜುಲೈ 29ರಂದು, ಪ್ರೆದಾಪ್ಪಿಯೊ ಎಂಬ ಊರಲ್ಲಿ. ಅಪ್ಪ ಕಮ್ಮಾರ, ಕಟ್ಟಾ ಸಮಾಜವಾದಿ. ಅಮ್ಮ ಶಾಲಾ ಶಿಕ್ಷಕಿ. ಮೆಕ್ಸಿಕೋದ ನಾಯಕ ಬೆನಿಟೊ ಹುವಾರೆಸ್ ನೆನಪಿಗೆ ಅಪ್ಪ ಮಗನಿಗೆ ಆ ಹೆಸರಿಟ್ಟ. ಹುಡುಗ ಕೆಲಕಾಲ ಮೇಷ್ಟ್ರಾಗಿದ್ದ, ಸ್ವಿಟ್ಜರ್ಲೆಂಡಿಗೆ ಹೋಗಿ ಕೂಲಿಯನ್ನೂ ಮಾಡಿದ. 1912ರಲ್ಲಿ ಸಮಾಜವಾದಿ ಪಕ್ಷದ ಪತ್ರಿಕೆ 'ಅವಾಂತಿ'ಯ ಸಂಪಾದಕನಾದ. ಎರಡೇ ವರ್ಷದಲ್ಲಿ, ಇಟಲಿ ಮಹಾಯುದ್ಧಕ್ಕೆ ಇಳಿಯಬೇಕು ಅಂತ ಬರೆದು ಪಕ್ಷದಿಂದ ಹೊರಬಿದ್ದ. ತನ್ನದೇ ಪತ್ರಿಕೆ ಶುರು ಮಾಡಿದ, ಸೈನ್ಯ ಸೇರಿದ, 1917ರಲ್ಲಿ ಗಾಯಗೊಂಡು ವಾಪಸಾದ.

1919ರ ಮಾರ್ಚ್‌ನಲ್ಲಿ ಮಿಲಾನ್‌ನಲ್ಲಿ ಅವನ ಫ್ಯಾಸಿಸ್ಟ್ ಸಂಘಟನೆ ಹುಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ ಅದು ಪೂರ್ತಿ ನೆಲಕಚ್ಚಿತು. ಮಿಲಾನ್‌ನಲ್ಲಿ ಐದು ಸಾವಿರ ಮತವೂ ಬರಲಿಲ್ಲ, ಸೀಟಂತೂ ಸೊನ್ನೆ. ಆ ಚುನಾವಣೆ ನಡೆದದ್ದು ಆಗಷ್ಟೇ ಬಂದಿದ್ದ ಪ್ರಮಾಣಾನುಗುಣ ಪದ್ಧತಿಯಲ್ಲಿ. ಅಂದರೆ ಪಕ್ಷಕ್ಕೆ ಎಷ್ಟು ಪಾಲು ಮತವೋ ಹೆಚ್ಚುಕಡಿಮೆ ಅಷ್ಟೇ ಪಾಲು ಸೀಟು. 508 ಸೀಟುಗಳಲ್ಲಿ ಸಮಾಜವಾದಿಗಳಿಗೆ 156, ಕ್ಯಾಥೊಲಿಕರ ಪೊಪೊಲಾರಿ ಪಕ್ಷಕ್ಕೆ 100 ಬಂದವು. ಇಬ್ಬರೂ ಸೇರಿದ್ದರೆ ಬಹುಮತ ಆಗ್ತಿತ್ತು. ಆದರೆ ಅವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗ್ತಿರಲಿಲ್ಲ. ಸರ್ಕಾರಗಳು ಒಂದರ ಹಿಂದೆ ಒಂದು ಉರುಳಿದವು: ನಿಟ್ಟಿ, ಜೊಲಿಟ್ಟಿ, ಬೊನೊಮಿ, ಫಾಕ್ಟಾ. ಜನ ಸಂಸತ್ತಿನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು.

1921ರಲ್ಲಿ ಪ್ರಧಾನಿ ಜೊಲಿಟ್ಟಿ ಒಂದು ಉಪಾಯ ಹೂಡಿದ. ಫ್ಯಾಸಿಸ್ಟರನ್ನು ತನ್ನ ಮೈತ್ರಿಕೂಟಕ್ಕೆ ಸೇರಿಸಿಕೊಂಡರೆ ಅವರು ತಣ್ಣಗಾಗ್ತಾರೆ ಅಂತ ಅವನ ಎಣಿಕೆ. ಆದದ್ದು ಉಲ್ಟಾ. 35 ಫ್ಯಾಸಿಸ್ಟರು ಸಂಸತ್ತಿಗೆ ಬಂದರು, ಮುಸೊಲಿನಿಯೂ ಅವರಲ್ಲೊಬ್ಬ. ಹೊರಗೆ ಕಪ್ಪಂಗಿ ಪಡೆಗಳ ಹೊಡೆದಾಟ ಮುಂದುವರಿಯಿತು. 1922ರ ಅಕ್ಟೋಬರ್ ಕೊನೆಯಲ್ಲಿ ಆ ಪಡೆಗಳು ರೋಮ್‌ಗೆ ಹೊರಟಾಗ, ಸೇನಾಡಳಿತದ ಆದೇಶಕ್ಕೆ ಸಹಿ ಹಾಕಲು ರಾಜ ಮೂರನೇ ವಿಕ್ಟರ್ ಎಮ್ಯಾನುಯೆಲ್ ಒಪ್ಪಲಿಲ್ಲ. ಬದಲಿಗೆ ಮುಸೊಲಿನಿಯನ್ನೇ ಕರೆಸಿದ. ಅವನು ಮಿಲಾನ್‌ನಿಂದ ರೈಲಿನಲ್ಲಿ ಆರಾಮಾಗಿ ಬಂದು ಪ್ರಧಾನಿಯಾದ.

ಪ್ರಧಾನಿ ಏನೋ ಆದ, ಆದರೆ ಸ್ವಂತ ಬಲ ಸಂಸತ್ತಿನ ಹತ್ತನೇ ಒಂದು ಭಾಗವೂ ಇರಲಿಲ್ಲ. ಆಗ ಬಂದದ್ದೇ 1923ರ ಅಚೆರ್ಬೊ ಕಾನೂನು. ಅದರ ನಿಯಮ ಸರಳ: ದೇಶದಲ್ಲಿ ಅತಿ ಹೆಚ್ಚು ಮತ ಪಡೆದ ಪಟ್ಟಿಗೆ ಕನಿಷ್ಠ ಶೇ. 25 ಮತ ಬಂದಿದ್ದರೆ ಸಾಕು, 535 ಸೀಟುಗಳಲ್ಲಿ 356 ಅದಕ್ಕೇ. ಉಳಿದ 179 ಸೀಟುಗಳನ್ನು ಮಿಕ್ಕವರೆಲ್ಲ ಹಂಚಿಕೊಳ್ಳಬೇಕು. ಅಂದರೆ ಶೇ. 26 ಮತ ಪಡೆದವರಿಗೆ ಮೂರನೇ ಎರಡು ಭಾಗ ಸಂಸತ್ತು, ಶೇ. 74 ಮತದವರಿಗೆ ಮೂರನೇ ಒಂದು ಭಾಗ! ಇಷ್ಟು ಗೇನ್ ಇರುವ ಆಂಪ್ಲಿಫೈಯರ್ ನಮ್ಮ ಲ್ಯಾಬಲ್ಲಿದ್ದರೆ ಸಣ್ಣ ಸದ್ದಿಗೂ ಸ್ಪೀಕರ್ ಒಡೆದುಹೋಗ್ತಿತ್ತು.

ಇಂಥ ಕಾನೂನನ್ನು ಉಳಿದ ಪಕ್ಷಗಳು ಯಾಕೆ ಒಪ್ಪಿದವು? ಹೆದರಿಕೆ ಇತ್ತು ನಿಜ, ಸಭಾಂಗಣದಲ್ಲೇ ಕಪ್ಪಂಗಿಗಳು ಕಾವಲಿಗೆ ನಿಂತಿದ್ದರು. ಆದರೆ ಪದೇಪದೇ ಬೀಳುವ ಸರ್ಕಾರಗಳಿಂದ ಸುಸ್ತಾಗಿದ್ದ ಉದಾರವಾದಿಗಳಿಗೆ ಸ್ಥಿರ ಸರ್ಕಾರದ ಆಸೆಯೂ ಇತ್ತು. ಪೊಪೊಲಾರಿಗಳಲ್ಲಿ ಬಹುಪಾಲು ಸದಸ್ಯರು ತಟಸ್ಥರಾಗಿ ಕೂತರು. 223 ಪರ, 123 ವಿರೋಧ. ಕಾನೂನು ಪಾಸಾಯಿತು.

1924ರ ಏಪ್ರಿಲ್ 6ರ ಚುನಾವಣೆಯಲ್ಲಿ ಮುಸೊಲಿನಿಯ ಪಟ್ಟಿಗೆ ಸುಮಾರು ಶೇ. 65 ಮತ ಬಂತು. ಹಾಗಾದರೆ ಬೋನಸ್ ಸೀಟು ಬೇಕಿರಲೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಇಲ್ಲೇ ಇರೋದು ಸೂಕ್ಷ್ಮ. ಈ ಕಾನೂನು ಮತ ಎಣಿಸುವ ದಿನಕ್ಕಿಂತ ಮೊದಲೇ ಕೆಲಸ ಮಾಡಿತ್ತು. ಗೆಲ್ಲುವ ಪಟ್ಟಿಯಲ್ಲಿ ಹೆಸರಿದ್ದರೆ ಸೀಟು ಗ್ಯಾರಂಟಿ, ಹೊರಗಿದ್ದರೆ ಚೂರುಪಾರು. ಹಾಗಾಗಿ ಮಾಜಿ ಪ್ರಧಾನಿಗಳಾದ ಸಲಾಂದ್ರ, ಒರ್ಲಾಂಡೊ ಅಂಥವರೂ ಅದೇ ಪಟ್ಟಿ ಸೇರಿದರು. ಎದುರಾಳಿಗಳು ಹಲವು ಹೋಳಾಗಿ ನಿಂತರು. ಉಳಿದದ್ದನ್ನು ಹೊಡೆತ, ಬೆದರಿಕೆ ಪೂರೈಸಿದವು.

ಮೇ 30ರಂದು ಸಮಾಜವಾದಿ ಸಂಸದ ಜಾಕೊಮೊ ಮಟ್ಟಿಯೊಟ್ಟಿ ಸಂಸತ್ತಿನಲ್ಲೇ ಎದ್ದುನಿಂತು, ಈ ಚುನಾವಣೆಯ ಹಿಂಸೆ, ಅಕ್ರಮಗಳನ್ನು ಒಂದೊಂದಾಗಿ ಬಿಡಿಸಿಟ್ಟು ಫಲಿತಾಂಶ ರದ್ದಾಗಬೇಕೆಂದರು. ಜೂನ್ 10ರಂದು ಫ್ಯಾಸಿಸ್ಟರು ಅವರನ್ನು ಅಪಹರಿಸಿ ಕೊಂದರು. ಹೆಣ ಸಿಕ್ಕಿದ್ದು ಆಗಸ್ಟ್‌ನಲ್ಲಿ. ವಿರೋಧಿಗಳು ಪ್ರತಿಭಟಿಸಿ ಸಂಸತ್ತಿನಿಂದ ಹೊರನಡೆದರು. ಆದರೆ ಒಳಗೆ ಉಳಿದವರೇ ಭಾರೀ ಬಹುಮತದಲ್ಲಿದ್ದರು. ರಾಜನೂ ಸುಮ್ಮನಿದ್ದ. 1925ರ ಜನವರಿ 3ರಂದು ಮುಸೊಲಿನಿ ಸಂಸತ್ತಿನಲ್ಲೇ ನಡೆದದ್ದಕ್ಕೆಲ್ಲ ತಾನೇ ಹೊಣೆ ಅಂತ ಘೋಷಿಸಿದ. ಯಾರೂ ಅವನನ್ನು ಇಳಿಸಲಿಲ್ಲ.

ಮುಂದಿನದು ಬೇಗ ಮುಗಿಯುತ್ತೆ. 1926ರಲ್ಲಿ ಬೇರೆ ಪಕ್ಷಗಳು ನಿಷೇಧವಾದವು. 1928ರ ಕಾನೂನಿನ ಪ್ರಕಾರ ಮತದಾರರ ಮುಂದೆ 400 ಹೆಸರಿನ ಒಂದೇ ಪಟ್ಟಿ, ಹೌದು ಇಲ್ಲವೇ ಇಲ್ಲ ಅಂತಷ್ಟೇ ಹೇಳಬೇಕು. ಹೌದು ಅನ್ನೋ ಚೀಟಿಯ ಮೇಲೆ ತ್ರಿವರ್ಣ, ಇಲ್ಲ ಅನ್ನೋ ಚೀಟಿ ಬರೀ ಬಿಳಿ. ಯಾರು ಯಾವುದನ್ನು ಹಾಕಿದರು ಅಂತ ಪತ್ತೆಹಚ್ಚೋದು ಕಷ್ಟವೇ? 1929ರಲ್ಲಿ ಶೇ. 98ಕ್ಕೂ ಹೆಚ್ಚು ಹೌದು ಬಂತು. 1939ರಲ್ಲಿ ಚುನಾಯಿತ ಸದನವೇ ಇಲ್ಲವಾಯಿತು.

1943ರ ಜುಲೈನಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೋಲು ಖಚಿತವಾದಾಗ, ಅವನದೇ ಪಕ್ಷದ ಮಹಾಮಂಡಳಿ ಅವನ ವಿರುದ್ಧ ಮತ ಹಾಕಿತು. ಇಪ್ಪತ್ತು ವರ್ಷ ಬೇರೆಯವರ ಮತಕ್ಕೆ ಬೆಲೆ ಇಲ್ಲದಂತೆ ಮಾಡಿದವನು ಕೊನೆಗೆ ಉರುಳಿದ್ದು ಒಂದು ಮತದಾನದಿಂದಲೇ. ಜರ್ಮನ್ನರ ಆಸರೆಯಲ್ಲಿ ಇನ್ನಷ್ಟು ದಿನ ತಳ್ಳಿದ. 1945ರ ಏಪ್ರಿಲ್ 28ರಂದು ಪ್ರತಿರೋಧ ಹೋರಾಟಗಾರರು ಅವನನ್ನು ಗುಂಡಿಟ್ಟು ಕೊಂದರು.

ಅಚೆರ್ಬೊ ಕಾನೂನೊಂದೇ ಸರ್ವಾಧಿಕಾರಿಯನ್ನು ಹುಟ್ಟಿಸಿತು ಅನ್ನೋದು ತಪ್ಪಾಗುತ್ತೆ. ಯುದ್ಧ, ಬಡತನ, ಬೀದಿ ಹಿಂಸೆ, ರಾಜನ ಅಂಜಿಕೆ ಎಲ್ಲವೂ ಇದ್ದವು. ಆದರೆ ಇವಕ್ಕೆಲ್ಲ ಕಾನೂನಿನ ಮುದ್ರೆ ಒತ್ತಿದ್ದು ಅದೇ. ನಮ್ಮಲ್ಲಿ ಹಲವರು ಈಗಷ್ಟೇ ಮತದಾರರ ಪಟ್ಟಿ ಸೇರಿದವರು. ಯಾರಿಗೆ ಓಟು ಅನ್ನೋ ಚರ್ಚೆ ಹಾಸ್ಟೆಲ್‌ನಲ್ಲಿ ಬೇಕಾದಷ್ಟು ನಡೆಯುತ್ತೆ. ಓಟು ಸೀಟಾಗೋದು ಹೇಗೆ, ಆ ನಿಯಮ ಬದಲಿಸುವ ಕೈ ಯಾರದು ಅನ್ನೋದನ್ನೂ ಆ ಚರ್ಚೆಗೆ ಸೇರಿಸಿಕೊಳ್ಳೋಣ.