ವಾಲ್ಡೆಮಾರ್ ಹಾಫ್ಕಿನ್: ನೆಲಕ್ಕೆ ಬಿದ್ದ ಇಕ್ಕಳದ ಪಾಠ

ಹಲ್ಲುನೋವಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟ ಹೊಟೆಲ್ ಕಾರ್ಮಿಕನು ಬೆಳಗಾಗುತ್ತಲೇ ಹಲ್ಲನ್ನು ಕೀಳಿಸಿಕೊಂಡು ಮಧ್ಯಾಹ್ನದ ಊಟದ ವೇಳೆಗೆ ಕೆಲಸಕ್ಕೆ ಮರಳುತ್ತಾನೆ. ತನ್ನ ಬಾಯಿಯನ್ನು ಹೊಕ್ಕ ಇಕ್ಕಳವು ಅದಕ್ಕೆ ಮೊದಲು ಯಾರ ಬಾಯಿಯಲ್ಲಿತ್ತು, ಅದನ್ನು ಹೇಗೆ ಶುದ್ಧಗೊಳಿಸಿದರು ಎಂದು ವಿಚಾರಿಸುವ ವ್ಯವಧಾನ ಅವನಿಗಿರದು. ಇಂತಹುದೇ ಒಂದು ಇಕ್ಕಳದ ಕಥೆ, ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದ ವಾಲ್ಡೆಮಾರ್ ಹಾಫ್ಕಿನ್ನರ ಜೀವನದಲ್ಲಿ ಸೇರಿದೆ. ಅದನ್ನು ವಾಚಕರು ಅರಿತಿರುವುದು ಒಳ್ಳೆಯದು.

ಹಾಫ್ಕಿನ್ನರು ೧೮೬೦ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫ್ ಅವರ ಗುರುಗಳು. ಸ್ವಧರ್ಮವನ್ನು ತೊರೆಯಲೊಪ್ಪದ ಕಾರಣ ಸ್ವದೇಶದಲ್ಲಿ ಪ್ರಾಧ್ಯಾಪಕ ಪದವಿಯ ಬಾಗಿಲು ಅವರಿಗೆ ಮುಚ್ಚಿತು. ಪ್ಯಾರಿಸ್ಸಿಗೆ ತೆರಳಿ ಪಾಶ್ಚರ್ ಸಂಸ್ಥೆಯನ್ನು ಸೇರಿದಾಗ ದೊರೆತುದು ಗ್ರಂಥಪಾಲನೆಯ ಕೆಲಸ. ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, ೧೮೯೨ರ ಜುಲೈ ೧೮ರಂದು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಮರುವರ್ಷ ಆ ಲಸಿಕೆಯೊಡನೆ ಕಲ್ಕತ್ತೆಗೆ ಬಂದರು.

೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರಕಾರದ ಕರೆಗೆ ಓಗೊಟ್ಟು ಬಂದ ಹಾಫ್ಕಿನ್ನರಿಗೆ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಇಕ್ಕಟ್ಟಾದ ಜಾಗವೂ, ಒಬ್ಬ ಗುಮಾಸ್ತನೂ, ಮೂವರು ಜವಾನರೂ ದೊರೆತರು. ಅಷ್ಟರಲ್ಲಿಯೇ ಮೂರು ತಿಂಗಳೊಳಗೆ ಲಸಿಕೆ ಸಿದ್ಧವಾಯಿತು. ೧೮೯೭ರ ಜನವರಿ ೧೦ರಂದು ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು.

ಅದೇ ವರ್ಷ ಪ್ಲೇಗು ನಮ್ಮ ಈ ಪುಣೆಯನ್ನು ತತ್ತರಗೊಳಿಸಿತು. ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದ ಸಾವಿತ್ರಿಬಾಯಿ ಫುಲೆಯವರು ಮಾರ್ಚ್ ೧೦ರಂದು ಅದೇ ರೋಗದಿಂದ ತೀರಿಕೊಂಡರು. ಮನೆಮನೆಗೆ ನುಗ್ಗಿದ ಸೈನಿಕರ ತಪಾಸಣೆಯಿಂದ ಜನ ರೊಚ್ಚಿಗೆದ್ದರು. ಜೂನ್ ತಿಂಗಳಲ್ಲಿ ಚಾಪೇಕರ್ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಹಾಫ್ಕಿನ್ನರ ಮಾರ್ಗ ಬಲಾತ್ಕಾರದ್ದಲ್ಲ, ಮನವೊಲಿಕೆಯದು. ಪುಣೆಯ ಬಳಿಯ ಖಡಕಿ ದಂಡಿನಲ್ಲಿ ಲಸಿಕೆ ಪಡೆದವರಲ್ಲಿ ಸಾವುಗಳು ಬಹಳ ಕಡಿಮೆಯಾದುವು. ೧೮೯೮ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಡಾಕ್ಟರ್ ಲ್ಯೂಮನ್ನರು ಸಹಸ್ರಾರು ಜನರಿಗೆ ಈ ಲಸಿಕೆಯನ್ನು ನೀಡಿದರು. ೧೮೯೯ರಲ್ಲಿ ಮುಂಬಯಿಯ ಪರೇಲಿನ ಹಳೆಯ ಗವರ್ನರ್ ಬಂಗಲೆಯೇ ಹಾಫ್ಕಿನ್ನರ ಪ್ರಯೋಗಶಾಲೆಯಾಯಿತು.

ಕೀರ್ತಿಯು ಶಿಖರವನ್ನು ಮುಟ್ಟಿದ್ದಾಗಲೇ ವಿಪತ್ತು ಬಂದೆರಗಿತು. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಲಸಿಕೆ ಹಾಕಲಾಯಿತು. ಅವರ ಪೈಕಿ ಒಂದೇ ಸೀಸೆಯಿಂದ ಪಡೆದ ೧೯ ಮಂದಿ ಧನುರ್ವಾಯುವಿನಿಂದ ಮಡಿದರು. ದೋಷವು ಪ್ರಯೋಗಶಾಲೆಯದೇ ಎಂದು ವಿಚಾರಣಾ ಸಮಿತಿಯು ನಿರ್ಣಯಿಸಿತು. ಹಾಫ್ಕಿನ್ನರನ್ನು ಅಧಿಕಾರದಿಂದ ದೂರವಿಡಲಾಯಿತು. ಅವರು ಅಪವಾದವನ್ನು ಹೊತ್ತು ಇಂಗ್ಲೆಂಡಿಗೆ ತೆರಳಿದರು.

ಆದರೆ ಸಾಕ್ಷ್ಯದ ಕಡತದಲ್ಲಿ ಒಂದು ಸಣ್ಣ ಸಂಗತಿ ಅಡಗಿತ್ತು. ಸೀಸೆಯ ಬಿರಡೆಯನ್ನು ತೆಗೆಯುವ ಇಕ್ಕಳವು ಆ ದಿನ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯ ಜ್ವಾಲೆಯಲ್ಲಿ ಕಾಯಿಸದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅಲ್ಲಾಡಿಸಿ ಬಳಸಲಾಗಿತ್ತು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿರುತ್ತವೆ; ಅಂತಹ ಅದ್ದುವಿಕೆಗೆ ಅವು ಸಾಯುವುದಿಲ್ಲ. ಸೀಸೆಯನ್ನು ತೆರೆದ ಹೊತ್ತಿನಲ್ಲಿಯೇ ವಿಷ ಸೇರಿರಬೇಕೆಂದು ಸರ್ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ವಾದಿಸಿದರು. ೧೯೦೭ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಹತ್ತು ಮಂದಿ ವಿದ್ವಾಂಸರು ಸಹಿ ಹಾಕಿ ನ್ಯಾಯ ಕೇಳಿದರು. ಕಳಂಕ ತೊಡೆಯಿತು. ಹಾಫ್ಕಿನ್ನರು ಕಲ್ಕತ್ತೆಗೆ ಮರಳಿದರಾದರೂ ಹಿಂದಿನ ಸ್ಥಾನ ಅವರಿಗೆ ದಕ್ಕಲಿಲ್ಲ. ೧೯೨೫ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು. ೧೯೩೦ರ ಅಕ್ಟೋಬರ್ ೨೬ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್ನಿನಲ್ಲಿ ಅವರು ನಿಧನ ಹೊಂದಿದರು.

ಅದ್ದುವುದು ಬೇರೆ, ಶುದ್ಧಗೊಳಿಸುವುದು ಬೇರೆ. ಇದನ್ನು ಹೊಟೆಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಬಕೆಟಿನ ನೀರಿನಲ್ಲಿ ಮುಳುಗಿಸಿ ತೆಗೆದ ಲೋಟ ತೊಳೆದ ಲೋಟವಲ್ಲವೆಂದು ನಾವು ಬಲ್ಲೆವು. ಹಲ್ಲಿನ ಉಪಕರಣದ ಮಾತು ಇನ್ನೂ ಗಂಭೀರ. ಅದಕ್ಕೆ ರಕ್ತ ತಗುಲುತ್ತದೆ. ರಕ್ತದ ಮೂಲಕ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮುಂತಾದ ಸೋಂಕುಗಳು ಒಬ್ಬರಿಂದ ಒಬ್ಬರಿಗೆ ದಾಟಬಲ್ಲವು. ಮೊದಲು ಉಪಕರಣವನ್ನು ಉಜ್ಜಿ ತೊಳೆದು, ಬಳಿಕ ಆಟೋಕ್ಲೇವ್ ಯಂತ್ರದಲ್ಲಿಡಬೇಕು. ಅದು ನಮ್ಮ ಅಡಿಗೆಮನೆಯ ಕುಕ್ಕರಿನ ಬಂಧುವೇ. ಹಬೆಯನ್ನು ಒತ್ತಡದಲ್ಲಿ ಹಿಡಿದು, ೧೨೧ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕನಿಷ್ಠ ೧೫ ನಿಮಿಷವಿರಿಸಿದರೆ, ಕುದಿನೀರಿಗೂ ಜಗ್ಗದ ಬೀಜಾಣುಗಳು ನಾಶವಾಗುತ್ತವೆ.

ಆದುದರಿಂದ ಹಲ್ಲು ತೋರಿಸಲು ಹೋದಾಗ ಸಂಕೋಚಪಡಬೇಡಿ. ಉಪಕರಣದ ಪೊಟ್ಟಣವನ್ನು ಕಣ್ಣೆದುರೇ ಒಡೆಯುವರೇ, ಕೈಗವಸು ಹೊಸದೇ, ಸೂಜಿ ಹೊಸದೇ ಎಂದು ವಿನಯದಿಂದ ಕೇಳಿರಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸರು. ಹತ್ತು ರೂಪಾಯಿ ಉಳಿಯುವುದೆಂದು ರಸ್ತೆಬದಿಯಲ್ಲಿ ಹಲ್ಲು ಕೀಳುವವನ ಮುಂದೆ ಬಾಯಿ ತೆರೆಯದಿರಿ. ಮುಲ್ಕೋವಾಲಿನ ೧೯ ಮಂದಿಗೆ ಹೀಗೆ ಕೇಳಬೇಕೆಂದು ತಿಳಿದಿರಲಿಲ್ಲ, ನಮಗೆ ತಿಳಿದಿದೆ.