ಸತ್ತವರನ್ನು ಪರದೆಗೆ ಕರೆದ ರಾಬರ್ಟ್‌ಸನ್

ಕಳೆದ ಮಾಗಿಯಲ್ಲಿ ನನ್ನ ಅಕ್ಕನ ಮಗನ ಆರತಕ್ಷತೆ ಬೆಂಗಳೂರಿನ ಹೊರವಲಯದ ತೋಟವೊಂದರಲ್ಲಿ ನಡೆಯಿತು. ಹುಡುಗನ ವೃತ್ತಿಯೇ ಬೆಳಕಿನದು. ನಗರದ ಕ್ಲಬ್ಬುಗಳಲ್ಲಿ, ಸಂಗೀತೋತ್ಸವಗಳಲ್ಲಿ ವಾದ್ಯದ ಲಯಕ್ಕೆ ಸರಿಯಾಗಿ ಚಿತ್ರಗಳನ್ನು ಬೆರೆಸಿ ಗೋಡೆಯ ಮೇಲೆ ಹರಿಯಬಿಡುತ್ತಾನೆ. ಗೆಳೆಯರು ಅವನನ್ನು ವಿ.ಜೆ. ಎಂದು ಕರೆಯುತ್ತಾರೆ. ಗಾಯಕ ರಾಗವನ್ನು ವಿಸ್ತರಿಸುವಂತೆ ಅವನೂ ಚಿತ್ರಗಳನ್ನು ಆ ಕ್ಷಣದಲ್ಲೇ ಹೆಣೆಯುತ್ತಾನೆಂಬುದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅಂದು ರಾತ್ರಿ ತೋಟದ ಮನೆಯ ಬಿಳಿಗೋಡೆಯ ಮೇಲೆ ಅವನ ಮಿತ್ರರು ಕುಟುಂಬದ ಹಳೆಯ ದೃಶ್ಯಗಳನ್ನು ಆಡಿಸುತ್ತಿದ್ದರು. ಊಟದ ಹೊತ್ತಿಗೆ ಆ ಗೋಡೆಯಲ್ಲಿ ನನ್ನ ಹೆಂಡತಿ ಕಾಣಿಸಿದಳು. ಅವಳು ತೀರಿಕೊಂಡು ಆರು ವರ್ಷಗಳಾಗಿದ್ದವು. ಯಾವುದೋ ಹಬ್ಬದ ದಿನ ತುಳಸಿಕಟ್ಟೆಯ ಬಳಿ ನಿಂತು ತಿರುಗಿ ನೋಡಿದ ನಾಲ್ಕು ಕ್ಷಣಗಳ ಚಿತ್ರ ಅದು. ಅಂಗೈಯಗಲ ಇದ್ದದ್ದು ಬೆಳೆಯುತ್ತ ಬೆಳೆಯುತ್ತ ಗೋಡೆಯನ್ನೆಲ್ಲ ತುಂಬಿತು. ಅವಳು ನಮ್ಮತ್ತಲೇ ನಡೆದು ಬಂದಂತಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದು, ಟಿಪ್ಪಣಿಯಿಲ್ಲದ ಯಾವುದನ್ನೂ ನಂಬದವನಾದ ನಾನು ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತುಬಿಟ್ಟಿದ್ದೆ.

ಮರುವಾರ ಅವನು ಮನೆಗೆ ಬಂದಾಗ, ಚಿತ್ರ ಹಿರಿದಾದರೆ ಮನುಷ್ಯರು ಹತ್ತಿರ ಬಂದಂತೆ ಏಕೆ ಕಾಣುತ್ತದೆ ಎಂದು ಕೇಳಿದೆ. ಅವನು ಯಂತ್ರದ ವಿವರಕ್ಕೆ ಹೋಗದೆ, ಇನ್ನೂರು ವರ್ಷಗಳಿಗೂ ಹಿಂದೆ ಪ್ಯಾರಿಸ್ಸಿನಲ್ಲಿ ಆಡುತ್ತಿದ್ದ ಒಬ್ಬನ ಹೆಸರು ಹೇಳಿದ. ತನ್ನ ಕಸುಬಿನವರು ಆತನನ್ನು ಮೂಲಪುರುಷರಲ್ಲಿ ಒಬ್ಬನೆಂದು ತಿಳಿಯುತ್ತಾರೆಂದ. ನಿವೃತ್ತನಿಗೆ ಸಮಯದ ಅಭಾವವಿಲ್ಲ. ಆ ಹೆಸರಿನ ಬೆನ್ನು ಹತ್ತಿದೆ.

ಎತಿಯೆನ್ ಗಾಸ್ಪಾರ್ ರಾಬರ್ಟ್ ಹುಟ್ಟಿದ್ದು 1763ರಲ್ಲಿ, ಇಂದಿನ ಬೆಲ್ಜಿಯಂಗೆ ಸೇರಿದ ಲೀಯೆಜ್ ಪಟ್ಟಣದಲ್ಲಿ. ಚಿತ್ರಕಾರನಾಗಬೇಕೆಂಬುದು ಅವನ ಮೊದಲ ಆಸೆ. ಭೌತವಿಜ್ಞಾನ ಎರಡನೆಯ ಗೀಳು. ಚಿತ್ರಕಲೆಯನ್ನು ಮುಂದುವರಿಸಲು 1791ರಲ್ಲಿ ಪ್ಯಾರಿಸ್ಸಿಗೆ ಬಂದ. ಕ್ರಾಂತಿಯ ಆ ದಿನಗಳಲ್ಲಿ ಕುಂಚಕ್ಕಿಂತ ಗಿಲೊಟಿನ್ನಿಗೇ ಹೆಚ್ಚು ಕೆಲಸವಿತ್ತು. ಜಲಜನಕದ ಬಲೂನಿನಲ್ಲಿ ಏರಿ ಹೆಸರಾಗಿದ್ದ ಜಾಕ್ ಚಾರ್ಲ್ಸ್‌ನ ಉಪನ್ಯಾಸಗಳನ್ನು ಕೇಳಿದ. ಹಳೆಯ ಪಾದ್ರಿ ಪಂಡಿತ ಅಥನಾಸಿಯಸ್ ಕಿರ್ಚರ್ ಬೆಳಕು ನೆರಳುಗಳ ಕುರಿತು ಬರೆದ ಹೊತ್ತಗೆಯನ್ನು ಅಭ್ಯಾಸ ಮಾಡಿದ. ಎಂದೋ ಒಂದು ದಿನ ತನ್ನ ಹೆಸರಿಗೆ ಇಂಗ್ಲಿಷ್ ಬಾಲವೊಂದನ್ನು ಸೇರಿಸಿ ರಾಬರ್ಟ್‌ಸನ್ ಆದ. ಆದರೆ 1796ರಲ್ಲಿ ಇವನೇ, ಆರ್ಕಿಮಿಡೀಸನ ಕತೆಯಲ್ಲಿರುವಂತೆ ಬೃಹತ್ ಕನ್ನಡಿಗಳಿಂದ ಸೂರ್ಯಕಿರಣಗಳನ್ನು ಒಟ್ಟುಗೂಡಿಸಿ ಇಂಗ್ಲಿಷರ ಯುದ್ಧನೌಕೆಗಳನ್ನು ಸುಡುವ ಯೋಜನೆಯನ್ನು ಫ್ರೆಂಚ್ ಸರ್ಕಾರದ ಮುಂದಿಟ್ಟ. ಸರ್ಕಾರ ಒಪ್ಪಲಿಲ್ಲ. ಇಂಥ ಎಷ್ಟೋ ಪ್ರಸ್ತಾವನೆಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆಯಾದ್ದರಿಂದ ಆ ಗುಮಾಸ್ತರ ಬಗ್ಗೆ ನನಗೆ ಸಹಾನುಭೂತಿಯಿದೆ.

ಬೆಳಕು ಕೈಬಿಡಲಿಲ್ಲ. ಮಾಯಾದೀಪ, ಎಂದರೆ ಮ್ಯಾಜಿಕ್ ಲ್ಯಾಂಟರ್ನ್, ಅಷ್ಟುಹೊತ್ತಿಗೆ ಯುರೋಪಿಗೆ ಹಳೆಯದು. ಡಚ್ ವಿಜ್ಞಾನಿ ಹೈಗೆನ್ಸ್ 1659ರ ಸುಮಾರಿಗೇ ಅದನ್ನು ಬಲ್ಲವನಾಗಿದ್ದ. ಗಾಜಿನ ಮೇಲೆ ಚಿತ್ರ ಬರೆದು, ಹಿಂದೆ ದೀಪವಿಟ್ಟು, ಮುಂದಿನ ಮಸೂರದ ಮೂಲಕ ಗೋಡೆಗೆ ಬೀಳಿಸುವ ಈ ಪೆಟ್ಟಿಗೆ ಮಕ್ಕಳ ವಿನೋದದ ಮಟ್ಟಕ್ಕೆ ಇಳಿದಿತ್ತು. ಅದನ್ನು ಬಳಸಿ ಪ್ರೇತಗಳನ್ನು ತೋರುವ ಆಟವನ್ನು ಪ್ಯಾರಿಸ್ಸಿಗೆ ತಂದವನು ರಾಬರ್ಟ್‌ಸನ್ ಅಲ್ಲ. ಫಿಲಿಡೋರ್ ಎಂಬ ಇನ್ನೊಬ್ಬ 1792ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಆಡಿ ಹೋಗಿದ್ದ. ಆಟಕ್ಕೆ ಫ್ಯಾಂಟಸ್ಮಗೋರಿಯ ಎಂಬ ಹೆಸರು ಬಂದದ್ದೂ ಅವನಿಂದಲೇ. ರಾಬರ್ಟ್‌ಸನ್ ಅದನ್ನು ಪ್ರೇಕ್ಷಕನಾಗಿ ನೋಡಿದ್ದ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

1798ರ ಜನವರಿಯಲ್ಲಿ ಅವನ ಮೊದಲ ಪ್ರದರ್ಶನ ಪ್ಯಾರಿಸ್ಸಿನ ಎಶಿಕಿಯೇ ಮಂಟಪದಲ್ಲಿ ನಡೆಯಿತು. ಆ ಊರು ಆಗ ಯಾವ ಸ್ಥಿತಿಯಲ್ಲಿತ್ತೆಂಬುದನ್ನು ನೆನೆಯಬೇಕು. ಭಯೋತ್ಪಾತದ ಆಳ್ವಿಕೆ ಮುಗಿದು ನಾಲ್ಕು ವರ್ಷವೂ ತುಂಬಿರಲಿಲ್ಲ. ಮಾರಾ ಸತ್ತದ್ದು 1793ರಲ್ಲಿ. ದಾಂತೋನ್, ಲವಾಸಿಯೆ, ರೋಬೆಸ್ಪಿಯರ್ ತಲೆ ಕಳೆದುಕೊಂಡದ್ದು 1794ರಲ್ಲಿ. ಶವಸಂಸ್ಕಾರವಿಲ್ಲದೆ ಸಾಮೂಹಿಕ ಗುಂಡಿಗಳಿಗೆ ಹೋದವರ ಬಂಧುಗಳು ಬೀದಿ ಬೀದಿಯಲ್ಲಿದ್ದರು. ಎಷ್ಟೋ ಪ್ರಾರ್ಥನೆಯ ಮನೆಗಳಿಗೆ ಬೀಗ ಬಿದ್ದಿತ್ತು. ಅಳುವುದಕ್ಕೆ ಊರಿನಲ್ಲಿ ಒಂದು ಸಾರ್ವಜನಿಕ ಸ್ಥಳವಿರಲಿಲ್ಲ ಎಂದರೂ ಸಲ್ಲುತ್ತದೆ. ಆ ಜಾಗವನ್ನು ಟಿಕೆಟ್ಟಿಗೆ ಒದಗಿಸಿದವನು ಈ ಲೀಯೆಜಿನವನು.

ಆ ವಸಂತದಲ್ಲಿ ಪುಲ್ತಿಯೆ ಎಂಬ ಜನಪ್ರತಿನಿಧಿ ತನ್ನ ಪತ್ರಿಕೆಯಲ್ಲಿ ಬರೆದ ವರದಿ ಅರ್ಧ ಕುಚೋದ್ಯದ್ದು. ಆದರೂ ಅದರಲ್ಲಿನ ಒಂದು ದೃಶ್ಯ ನನ್ನನ್ನು ಬಿಡುತ್ತಿಲ್ಲ. ಅಗ್ಗಿಷ್ಟಿಕೆಗೆ ರಕ್ತವನ್ನೂ ಆಮ್ಲವನ್ನೂ ಸುರಿದು, ಉಗ್ರವಾದಿಗಳ ಪತ್ರಿಕೆಯ ಎರಡು ಪ್ರತಿಗಳನ್ನೂ ಹಾಕಿದ ಮೇಲೆ ಕೆಂಪು ಟೋಪಿಯ ಮಾರಾ ಮೇಲೆದ್ದನಂತೆ. ಬಳಿಕ ಒಬ್ಬ ತರುಣ ಎದ್ದು, ತಾನು ಪ್ರೀತಿಸಿ ಕಳೆದುಕೊಂಡ ಹೆಣ್ಣಿನ ಸಣ್ಣ ವರ್ಣಚಿತ್ರವನ್ನು ರಾಬರ್ಟ್‌ಸನ್ನನ ಕೈಗಿತ್ತನಂತೆ. ಗುಬ್ಬಿಯ ಗರಿ, ರಂಜಕದ ಚೂರು, ಹನ್ನೆರಡು ಚಿಟ್ಟೆಗಳು ಬೆಂಕಿಗೆ ಬಿದ್ದವು. ಹೊಗೆಯಲ್ಲಿ ಅವಳು ಕೂದಲು ಹರಡಿಕೊಂಡು ಬಂದು ಅವನತ್ತ ನಕ್ಕಳು. ಚಿಟ್ಟೆಗಳ ಲೆಕ್ಕ ಪತ್ರಕರ್ತನ ತಮಾಷೆಯಿರಬಹುದು. ಬೇಡಿಕೆ ತಮಾಷೆಯದಲ್ಲ. ಜನ ಬಂದದ್ದು ಬರಿಯ ಹೆದರಿಕೆಯ ಸುಖಕ್ಕೆಂದು ಪುಸ್ತಕಗಳು ಹೇಳುತ್ತವೆ. ತೋಟದ ಮನೆಯ ಆ ರಾತ್ರಿಗೆ ಮುಂಚೆ ನಾನೂ ಹಾಗೆಯೇ ಒಪ್ಪುತ್ತಿದ್ದೆನೇನೋ.

ಅದೇ ವರದಿಯ ಪ್ರಕಾರ ಇನ್ನೊಬ್ಬ ರಾಜನಿಷ್ಠ ಹದಿನಾರನೆಯ ಲೂಯಿಯನ್ನು ಎಬ್ಬಿಸೆಂದು ಕೇಳಿದ. ಆ ಪ್ರಯೋಗದ ಸೂತ್ರ ಫ್ರುಕ್ತಿದೋರ್ 18ಕ್ಕೆ ಮೊದಲು ತನ್ನ ಬಳಿ ಇತ್ತು, ಈಗ ಕಳೆದುಹೋಗಿದೆ ಎಂದು ರಾಬರ್ಟ್‌ಸನ್ ಜಾಣತನದಿಂದ ಜಾರಿಕೊಂಡ. ಆದರೂ ಪೊಲೀಸರು ಆಟವನ್ನು ಕೆಲಕಾಲ ನಿಲ್ಲಿಸಿದರು. ಅವನು ಬೋರ್ಡೋ ನಗರಕ್ಕೆ ಹೋಗಿ ಅಲ್ಲಿ ಆಡಿ ಬಂದ.

1799ರ ಜನವರಿಯಲ್ಲಿ ವಾಂದೋಮ್ ಚೌಕದ ಬಳಿಯ ಪಾಳುಬಿದ್ದ ಕಾಪುಸಿನ್ ಸಂನ್ಯಾಸಿನಿಯರ ಮಠದಲ್ಲಿ ಅವನು ನೆಲೆ ನಿಂತ. ಹದಿನೈದನೆಯ ಲೂಯಿಯ ಪ್ರೇಯಸಿ ಪಾಂಪಡೂರ್ ಹೂಳಲ್ಪಟ್ಟಿದ್ದ ಜಾಗವದು. ಅರ್ಥಶಾಸ್ತ್ರ ಓದಿದವನಿಗೆ ಬೇರೊಂದು ಕುತೂಹಲವಿದೆ. ಸಂನ್ಯಾಸಿನಿಯರನ್ನು ಹೊರಹಾಕಿದ ಮೇಲೆ ಅದೇ ಕಟ್ಟಡಗಳಲ್ಲಿ ಕ್ರಾಂತಿಸರ್ಕಾರ ಅಸಿನ್ಯಾಗಳೆಂಬ ಕಾಗದದ ಹಣವನ್ನು ಅಚ್ಚು ಹಾಕಿಸುತ್ತಿತ್ತು. ಮಿತಿಮೀರಿ ಅಚ್ಚಾಗಿ ಬೆಲೆ ಕಳೆದುಕೊಂಡ ಆ ನೋಟುಗಳ ಅಚ್ಚುಸಾಮಗ್ರಿಯನ್ನು 1796ರಲ್ಲಿ ಪಕ್ಕದ ವಾಂದೋಮ್ ಚೌಕದಲ್ಲಿಯೇ ಬಹಿರಂಗವಾಗಿ ನಾಶಮಾಡಲಾಯಿತು. ಮರುವರ್ಷ ಸರ್ಕಾರ ತನ್ನ ಸಾಲದ ಮೂರರಲ್ಲಿ ಎರಡು ಪಾಲನ್ನು ತೀರಿಸುವುದಿಲ್ಲವೆಂದು ಕೈಚೆಲ್ಲಿತು. ಇಲ್ಲದ ಸಂಪತ್ತನ್ನು ಕಾಗದದಲ್ಲಿ ತೋರಿಸಿದ ಮನೆಯಲ್ಲಿ ಇಲ್ಲದ ಜನರನ್ನು ಬಟ್ಟೆಯ ಮೇಲೆ ತೋರಿಸುವ ಆಟ ಶುರುವಾಯಿತು. ಎರಡನೆಯದರಲ್ಲಿ ಕನಿಷ್ಠಪಕ್ಷ ಮೊದಲೇ ಎಚ್ಚರಿಕೆ ಕೊಡುತ್ತಿದ್ದರು.

ಹೌದು, ಎಚ್ಚರಿಕೆ. ಪ್ರೇಕ್ಷಕರು ಸಮಾಧಿಗಳಿದ್ದ ಅಂಗಳವನ್ನು ದಾಟಿ, ವಿದ್ಯುತ್ತಿನ ಹಾಗೂ ಗ್ಯಾಲ್ವನಿಯ ಪ್ರಯೋಗಗಳನ್ನು ನೋಡಿ, ಚಿತ್ರಲಿಪಿ ಕೊರೆದ ಬಾಗಿಲಿನೊಳಗೆ ಕಾಲಿಟ್ಟರೆ ಎದುರಿಗೆ ಕಪ್ಪು ಬಟ್ಟೆ ಹೊದಿಸಿದ ಕೋಣೆ, ಒಂದೇ ಒಂದು ದೀಪ. ರಾಬರ್ಟ್‌ಸನ್ ಬಂದು ನಿಲ್ಲುತ್ತಿದ್ದ. ತಾನು ಮಾಂತ್ರಿಕನಲ್ಲ, ಇದೆಲ್ಲ ದೃಷ್ಟಿವಿಜ್ಞಾನದ ಫಲ, ಮೂಢನಂಬಿಕೆಯನ್ನು ನಗಿಸಿ ಓಡಿಸುವುದೇ ಉದ್ದೇಶ ಎಂಬರ್ಥದ ಮಾತುಗಳನ್ನಾಡುತ್ತಿದ್ದ. ದೀಪ ಆರುತ್ತಿತ್ತು, ಬಾಗಿಲಿಗೆ ಬೀಗ ಬೀಳುತ್ತಿತ್ತು. ಗುಡುಗು, ಮಳೆಯ ಸದ್ದು, ನೀರು ಸವರಿದ ಬೆರಳಿನಿಂದ ನುಡಿಸುವ ಗಾಜಿನ ಹಾರ್ಮೋನಿಕದ ನಡುಗುವ ನಾದ. ಕತ್ತಲಲ್ಲಿ ಒಂದು ಚುಕ್ಕಿ ಮೂಡಿ, ಅದೇ ಮುಖವಾಗಿ, ಮುಂದೆ ಮುಂದೆ ನುಗ್ಗುತ್ತಿತ್ತು. ರಕ್ತಸಿಕ್ತ ಸಂನ್ಯಾಸಿನಿ, ಮೆಡೂಸಾಳ ತಲೆ, ವೋಲ್ಟೇರ್, ರೂಸೋ, ದಾಂತೋನ್. ಗೋರಿಯಿಂದ ಏಳಲು ಹವಣಿಸುವ ರೋಬೆಸ್ಪಿಯರನಿಗೆ ಸಿಡಿಲು ಬಡಿದು ಪುಡಿಯಾಗುತ್ತಿದ್ದ.

ಗುಟ್ಟು ಸರಳವಾದದ್ದು, ಆದರೆ ಕೈಚಳಕ ಸಣ್ಣದಲ್ಲ. ಯಂತ್ರ ಪರದೆಯ ಹಿಂದೆ ಇರುತ್ತಿತ್ತು. ಪರದೆ ಬೆಳಕು ಹಾಯಲೆಂದು ಮೇಣ ಬಳಿದ ತೆಳುಬಟ್ಟೆ. ನಮ್ಮೂರಿನ ಜಾತ್ರೆಯಲ್ಲಿ ತೊಗಲುಗೊಂಬೆಯಾಟದವರು ಪರದೆಯ ಹಿಂದೆ ದೀಪವಿಟ್ಟು ಆಡಿಸುತ್ತಿದ್ದ ಕ್ರಮವೂ ಇದೇ. ಫ್ಯಾಂಟಸ್ಕೋಪ್ ಎಂದು ಅವನು ಕರೆದ ಆ ದೀಪದ ಪೆಟ್ಟಿಗೆಗೆ ಗಾಲಿಗಳಿದ್ದವು, ಸದ್ದಾಗದಂತೆ ಅವಕ್ಕೆ ಬಟ್ಟೆ ಸುತ್ತಿರುತ್ತಿತ್ತು. ಪರದೆಯಿಂದ ಹಿಂದೆ ಸರಿದಷ್ಟೂ ಚಿತ್ರ ಹಿಗ್ಗುತ್ತದೆ. ಆದರೆ ಹಿಗ್ಗಿದಂತೆ ಮಸುಕಾಗುತ್ತದೆ, ಮಂಕೂ ಆಗುತ್ತದೆ. ಆದ್ದರಿಂದ ಸರಿಯುವಾಗಲೇ ಮಸೂರವನ್ನು ಹೊಂದಿಸಿ, ಬೆಳಕಿನ ಕಿಂಡಿಯನ್ನು ಅಗಲಿಸಬೇಕು. ಗಾಜಿನ ಮೇಲೆ ಆಕೃತಿಯ ಸುತ್ತಲೂ ದಟ್ಟ ಕಪ್ಪು ಬಳಿದಿರುವುದರಿಂದ ಚೌಕಟ್ಟು ಕಾಣದು, ಆಕೃತಿಯೊಂದೇ ತೇಲುತ್ತದೆ. ಗಾಢ ಕತ್ತಲಲ್ಲಿ ಅಳತೆಗೆ ಬೇರೆ ವಸ್ತುವಿಲ್ಲವಾದ್ದರಿಂದ, ಹಿರಿದಾಗುವುದನ್ನು ಕಣ್ಣು ಹತ್ತಿರವಾಗುವುದೆಂದೇ ಓದುತ್ತದೆ. ನಾನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಎಲ್ಲವನ್ನೂ ಪ್ರತಿ ರಾತ್ರಿ ಕೈಯಿಂದಲೇ, ಜನರ ಉಸಿರಿಗೆ ತಕ್ಕಂತೆ ನಡೆಸಬೇಕಿತ್ತು. ಚಲನಚಿತ್ರದಂತೆ ಸುರುಳಿ ತಾನಾಗಿ ಓಡುತ್ತಿರಲಿಲ್ಲ. ನನ್ನ ಸೋದರಳಿಯ ಅವನನ್ನು ತನ್ನವನೆನ್ನುವುದು ಈ ಕಾರಣಕ್ಕೆ.

1799ರಲ್ಲಿಯೇ ರಾಬರ್ಟ್‌ಸನ್ ಯಂತ್ರಕ್ಕೆ ಪೇಟೆಂಟ್ ಪಡೆದ. ಅವನು ಎಡವಿದ್ದು ಇಲ್ಲಿ. ಬಿಟ್ಟುಹೋದ ಸಹಾಯಕರು ಊರಿನಲ್ಲಿ ತಮ್ಮದೇ ಪ್ರೇತದಾಟ ತೆರೆದರು. ಇವನು ನ್ಯಾಯಾಲಯಕ್ಕೆ ಹೋದ. ಹಕ್ಕು ಸ್ಥಾಪಿಸಬೇಕಾದರೆ ತನ್ನ ಶೋಧ ಯಾವುದೆಂದು ಹೇಳಲೇಬೇಕು. ಹೇಳಿದೊಡನೆ ಗುಟ್ಟು ಉಳಿಯದು. ಗಾಲಿ, ಮಸೂರ, ಮೇಣದ ಬಟ್ಟೆ ಎಲ್ಲ ವಿಚಾರಣೆಯಲ್ಲಿ ಬಯಲಾದವು. ಅವನಿಗಿಂತ ಮೊದಲೇ ಫಿಲಿಡೋರ್ ಆಡಿದ್ದನ್ನು ಕಂಡ ಕಣ್ಣುಗಳೂ ಊರಿನಲ್ಲಿದ್ದವು. ಕೆಲವೇ ವರ್ಷಗಳಲ್ಲಿ ಯುರೋಪಿನಾದ್ಯಂತ ಫ್ಯಾಂಟಸ್ಮಗೋರಿಯಗಳು ಎದ್ದವು. 1801ರಲ್ಲಿ ಲಂಡನ್ನಿನ ಲೈಸಿಯಂನಲ್ಲಿಯೂ ಒಂದು ಶುರುವಾಯಿತು. ಪೇಟೆಂಟ್ ಎಂಬುದು ಸಮಾಜ ಮತ್ತು ಶೋಧಕನ ನಡುವಿನ ವ್ಯಾಪಾರ: ಅವನು ಗುಟ್ಟು ಬಿಡಬೇಕು, ಅದು ಕೆಲಕಾಲದ ಏಕಸ್ವಾಮ್ಯ ಕೊಡಬೇಕು. ಎರಡನ್ನೂ ತಾನೇ ಇಟ್ಟುಕೊಳ್ಳಲು ಹೋದವನಿಗೆ ಎರಡೂ ದಕ್ಕಲಿಲ್ಲ. ನಷ್ಟ ಅವನದು, ಲಾಭ ಜಗತ್ತಿನದು. ಅವನ ಮೇಲೆ ಅನ್ಯಾಯವಾಯಿತೆಂದು ಬರೆದವರಿದ್ದಾರೆ, ನಾನು ಆ ಪಕ್ಷದವನಲ್ಲ.

ಬಳಿಕ ಅವನು ಆಕಾಶಕ್ಕೆ ನೆಗೆದ. 1803ರ ಜುಲೈಯಲ್ಲಿ ಹ್ಯಾಂಬರ್ಗಿನಿಂದ ಬಲೂನಿನಲ್ಲಿ ಏರಿ ಏಳು ಸಾವಿರ ಮೀಟರಿಗೂ ಮೇಲೆ ಹೋದೆನೆಂದು ಸಾರಿದ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಯ ಪರವಾಗಿ ಜಖಾರೋವ್ ಎಂಬ ವಿದ್ವಾಂಸನೊಡನೆ ಏರಿದ. ಎತ್ತರದಲ್ಲಿ ಭೂಮಿಯ ಕಾಂತಶಕ್ತಿ ಕುಂದುತ್ತದೆ ಎಂಬ ಅವನ ವರದಿಯನ್ನು ಪರೀಕ್ಷಿಸಲು 1804ರ ಆಗಸ್ಟಿನಲ್ಲಿ ಗೇ ಲುಸಾಕ್ ಮತ್ತು ಬಿಯೋ ಬಲೂನು ಹತ್ತಿದರು. ಅಂಥದ್ದೇನೂ ಕಾಣಲಿಲ್ಲ. ಅದೇ ವರ್ಷ ವಿಯೆನ್ನಾದಲ್ಲಿ, ಅರವತ್ತು ವಿದ್ವಾಂಸರನ್ನು ಹೊತ್ತು ಲೋಕಸಂಚಾರ ಮಾಡುವ ಮಿನರ್ವ ಎಂಬ ಗಗನನೌಕೆಯ ಯೋಜನೆಯನ್ನು ಪ್ರಕಟಿಸಿದ. ಮತ್ತೆ ಕನ್ನಡಿಯ ಕತೆ. ಪ್ರೇತಗಳ ವಿಷಯದಲ್ಲಿ ಅಷ್ಟು ಪ್ರಾಮಾಣಿಕನಾಗಿದ್ದವನು ವಿಜ್ಞಾನದ ವಿಷಯದಲ್ಲಿ ಅಷ್ಟು ಸುಲಭವಾಗಿ ತನ್ನನ್ನೇ ನಂಬಿಸಿಕೊಳ್ಳುತ್ತಿದ್ದನೆಂಬುದು ನನಗೆ ಸೋಜಿಗ.

ಅವನ ಮಕ್ಕಳೂ ಬಲೂನಿನವರಾದರು. ಯುಜೀನ್ ಅಮೆರಿಕ ಖಂಡದ ನಗರಗಳಲ್ಲಿ ಹಾರಿದ. ದಿಮಿತ್ರಿ ನಮ್ಮ ದೇಶಕ್ಕೇ ಬಂದು 1836ರಲ್ಲಿ ಕಲ್ಕತ್ತಾದ ಜನರ ಮುಂದೆ ಬಲೂನು ಏರಿದ. ತಂದೆ ಆ ಹೊತ್ತಿಗೆ ಎರಡು ಸಂಪುಟಗಳ ಆತ್ಮಕಥೆ ಬರೆದು ಮುಗಿಸಿದ್ದ. 1837ರ ಜುಲೈಯಲ್ಲಿ ಪ್ಯಾರಿಸ್ಸಿನ ಅಂಚಿನ ಬಾತಿನ್ಯೋಲ್‌ನಲ್ಲಿ ತೀರಿಕೊಂಡ. ಅವನ ಮಠ 1806ರ ಸುಮಾರಿಗೇ ನೆಲಸಮವಾಗಿ, ಅದರ ಮೇಲೆ ಇಂದು ಶಾಂತಿಬೀದಿ ಎಂಬರ್ಥದ ಹೆಸರಿನ ರಸ್ತೆ ಹಾದಿದೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಕಾಪುಸಿನ್ ಹೆಸರನ್ನೇ ಉಳಿಸಿಕೊಂಡ ಹೆದ್ದಾರಿಯ ಹೋಟೆಲೊಂದರ ನೆಲಮಾಳಿಗೆಯಲ್ಲಿ 1895ರ ಡಿಸೆಂಬರ್ 28ರಂದು ಲ್ಯೂಮಿಯೆ ಸೋದರರು ಹಣ ಪಡೆದು ಚಲಿಸುವ ಚಿತ್ರ ತೋರಿಸಿದರು.

ಪೇರ್ ಲಾಶೇಸ್ ಸ್ಮಶಾನದಲ್ಲಿರುವ ರಾಬರ್ಟ್‌ಸನ್ನನ ಸಮಾಧಿ ದೊಡ್ಡದು. ಮೂಲೆಗಳಲ್ಲಿ ರೆಕ್ಕೆಯುಳ್ಳ ತಲೆಬುರುಡೆಗಳು. ಒಂದು ಬದಿಯ ಉಬ್ಬುಶಿಲ್ಪದಲ್ಲಿ ಅಸ್ಥಿಪಂಜರಗಳನ್ನು ಕಂಡು ಹಿಂಜರಿಯುವ ಜನ. ಇನ್ನೊಂದು ಬದಿಯಲ್ಲಿ ಬಲೂನನ್ನು ನೋಡುತ್ತ ತಲೆಯೆತ್ತಿದ ಜನ. ಇದನ್ನು ನಾನು ಛಾಯಾಚಿತ್ರಗಳಲ್ಲಿ ಮಾತ್ರ ಕಂಡಿದ್ದೇನೆ. 2011ರಲ್ಲಿ ಪ್ರವಾಸಿ ತಂಡವೊಂದರ ಜೊತೆ ನಾನೂ ನನ್ನ ಹೆಂಡತಿಯೂ ಆ ಸ್ಮಶಾನಕ್ಕೆ ಹೋಗಿದ್ದೆವು. ಮಾರ್ಗದರ್ಶಿ ಶೋಪ್ಯಾನ್‌ನ ಸಮಾಧಿಯವರೆಗೆ ಕರೆದೊಯ್ದು, ಹೊತ್ತಾಯಿತೆಂದು ತಿರುಗಿಸಿದ. ಅವಳಿಗೆ ಇನ್ನೂ ಸ್ವಲ್ಪ ಒಳಗೆ ನಡೆಯುವ ಮನಸ್ಸಿತ್ತು. ಬಸ್ಸು ಕಾಯುತ್ತಿದೆಯೆಂದು ನಾನೇ ಅವಸರ ಮಾಡಿದೆ.